ನನ್ನ ಎಡಮೂಗಿನ ನತ್ತು ಬಲಕ್ಕೆ ಹೋದ ಕುರಿತು

ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಭದ್ರತಾ ಕೊಠಡಿಯಲ್ಲಿ, ಒಮ್ಮೆ ಬಿಚ್ಚಿ ಮತ್ತೆ ಬಿಳಿ ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಒತ್ತಿದ ಒಂದು ಗಂಟಿನೊಳಗೆ ನನ್ನ ಮುಖವಿದೆ. ಒಂದಲ್ಲ, ಎರಡು. ಒಂದನ್ನು ಬರೆದವಳು ಕಮಲಾಪುರದ ಸೃಷ್ಟಿ, ಇನ್ನೊಂದನ್ನು ಬರೆದವನು ಕಲಬುರಗಿ ಶಹಾಬಜಾರದ ಆಮಿರ್. ಇಬ್ಬರೂ ಚಿತ್ರಕಲಾ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು. ನನ್ನನ್ನು ಎದುರಿಗೆ ಕೂರಿಸಿ, ಈ ಹೆಂಗಸಿನ ಭಾವಚಿತ್ರ ಬರೆಯಿರಿ ಎಂದು ಪ್ರಶ್ನೆ ಕೊಟ್ಟವರು ನೀವು. ಅವರು ಬರೆದರು. ಈಗ ಇಬ್ಬರ ಉತ್ತರದಲ್ಲೂ ಒಬ್ಬಳೇ ಹೆಂಗಸು ಇರುವುದು ತಮ್ಮ ಗಮನಕ್ಕೆ ಬಂದು, ಇಬ್ಬರ ಮೇಲೂ ನಕಲಿನ ಆರೋಪ ಹೊರಿಸಿ ಫಲಿತಾಂಶ ತಡೆಹಿಡಿದಿದ್ದೀರಿ. ಆ ಹೆಂಗಸು ನಾನು. ನನ್ನನ್ನು ಇದುವರೆಗೆ ಯಾರೂ ಏನೂ ಕೇಳಿಲ್ಲ. ಆದ್ದರಿಂದ ಕೇಳದೆಯೇ ಹೇಳುತ್ತಿದ್ದೇನೆ.

ಬಹಿರಂಗವಾಗಿ ಏಕೆ ಎಂದು ತಾವು ಕೇಳಬಹುದು. ಖಾಸಗಿಯಾಗಿ ಕೊಟ್ಟ ಅರ್ಜಿಯನ್ನು ನಿಮ್ಮ ಟಪಾಲು ವಿಭಾಗ ಸ್ವೀಕರಿಸಿ, ಮುದ್ರೆ ಒತ್ತಿ, ನನಗೊಂದು ಪ್ರತಿ ಕೊಟ್ಟಿದೆ. ಸ್ವೀಕೃತವಾದ ಅರ್ಜಿ ಆಮೇಲೆ ಎಲ್ಲಿಗೆ ಹೋಗುತ್ತದೆ, ಎಷ್ಟು ದಿನ ಎಲ್ಲಿ ವಿಶ್ರಾಂತಿ ಪಡೆಯುತ್ತದೆ ಎಂಬುದು ನನಗೆ ತಿಳಿಯದ ವಿಷಯವಲ್ಲ. ಸರ್ಕಾರದ ಒಂದು ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕುಳಿತು, ಪ್ರಥಮ ದರ್ಜೆ ಸಹಾಯಕಿಯಾಗಿ ನಿವೃತ್ತಳಾದವಳು ನಾನು. ಕುಳಿತು ಎಂಬ ಪದವನ್ನು ಯೋಚಿಸಿಯೇ ಬಳಸಿದ್ದೇನೆ. ನಿವೃತ್ತಿಯ ನಂತರವೂ ಅದೇ ಕಸುಬು ಮುಂದುವರಿದಿದೆ. ಕಲಬುರಗಿಯ ಒಂದು ಚಿತ್ರಕಲಾ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಎದುರು ಕುರ್ಚಿಯ ಮೇಲೆ ಅಲುಗಾಡದೆ ಕೂರುತ್ತೇನೆ, ಅವರು ನೋಡಿ ಬರೆಯುತ್ತಾರೆ. ಇದಕ್ಕೆ ಮಾಡೆಲ್ ಎನ್ನುತ್ತಾರೆ. ಈ ಮಾತು ಕೇಳಿ ನಮ್ಮ ಓಣಿಯವರು ಮೊದಮೊದಲು ಬಾಯಿಗೆ ಸೆರಗು ಹಚ್ಚಿ ನಕ್ಕರು. ಅನುಭವ ಇದೆಯೇ ಎಂದು ಕಾಲೇಜಿನವರು ಕೇಳಲಿಲ್ಲ. ಕೇಳಿದ್ದರೆ ಸೇವಾ ಪುಸ್ತಕವನ್ನೇ ಮುಂದಿಡುತ್ತಿದ್ದೆ.

ನನ್ನನ್ನು ಈ ಹುದ್ದೆಗೆ ತಂದವಳು ಸೃಷ್ಟಿ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳ ತಂದೆ ಶಿವಶರಣ ತನ್ನ ತೋಟದ ಕೆಂಪು ಬಾಳೆಹಣ್ಣನ್ನು ಕಮಲಾಪುರದ ಹೆದ್ದಾರಿ ಬದಿಗೆ ಗೊನೆಗಟ್ಟಲೆ ತೂಗುಹಾಕಿ ಮಾರುವವನು. ಪಿಯುಸಿ ಮುಗಿದ ಮೇಲೆ ಮಗಳು ಚಿತ್ರಕಲೆ ಓದುತ್ತೇನೆಂದು ಹಟ ಹಿಡಿದಾಗ, ಓಣಿಯಲ್ಲಿ ಕಚೇರಿ ಕಂಡವಳು ನಾನೊಬ್ಬಳೇ ಎಂದು ನನ್ನ ಹತ್ತಿರ ಬಂದ.

"ಬಾಯಾರ, ಚಿತ್ರ ಬರಿಯಾಕೂ ಡಿಗ್ರಿ ಇರ್ತದೇನ್ರೀ? ನಾಕು ವರ್ಷ ಕುಂತು ಏನ್ ಬರೀತಾರ್ರೀ?"

"ಇರ್ತದ ಶಿವಶರಣ. ಸುಮ್ಮ ಕುಂತಿದ್ದಕ್ಕ ಸರ್ಕಾರ ನನಗ ಪೆನ್ಶನ್ ಕೊಡಾಕತ್ತದ. ಬರದವರಿಗೆ ಡಿಗ್ರಿ ಕೊಟ್ರ ತಪ್ಪೇನು?"

"ಖರೇ ಡಿಗ್ರಿನ ಹೌದಲ್ರೀ? ಬ್ಯಾರೇ ಡಿಗ್ರಿಯವರು ಕೂಡೋ ಸಾಲಿನಾಗ ಇಕೀನೂ ಕೂಡ್ತಾಳಲ್ಲ?"

"ಖರೇ ಡಿಗ್ರಿ. ನಾ ಹೇಳಾಕತ್ತೀನಲ್ಲ."

ನಾ ಹೇಳಾಕತ್ತೀನಲ್ಲ ಎಂಬ ಆ ಒಂದು ಮಾತಿನ ಮೇಲೆ ಒಬ್ಬ ತಂದೆ ಮಗಳನ್ನು ನಾಲ್ಕು ವರ್ಷ ಕಲಬುರಗಿ ಬಸ್ಸಿಗೆ ಹತ್ತಿಸಿದ್ದಾನೆ. ಈ ಪತ್ರ ಬರೆಯಲು ನನಗಿರುವ ಅಧಿಕಾರ ಇಷ್ಟೇ. ತಮ್ಮದು ಇದಕ್ಕಿಂತ ದೊಡ್ಡದು ಎಂದು ಬಲ್ಲೆ.

ಎರಡನೆಯ ವರ್ಷದಲ್ಲಿ ಕಾಲೇಜಿಗೆ ಬರುತ್ತಿದ್ದ ಮಾಡೆಲ್ ಅಜ್ಜ ಬರುವುದನ್ನು ನಿಲ್ಲಿಸಿದ. ಸೃಷ್ಟಿ ಗೋಡೆಯ ಆಚೆಯಿಂದ ಕೂಗಿ, "ಕಾಕು, ನೀವು ಬಂದು ಕುಂಡ್ರತೀರೇನ್ರೀ? ಮಾತಾಡಂಗಿಲ್ಲ, ಅಷ್ಟ," ಎಂದಳು. ನಮ್ಮ ಯಜಮಾನರು ಮುಕುಂದರಾಯರು ಪೇಪರು ಮಡಚಿಟ್ಟು, "ನೀ ಮಾತಾಡದ ಒಂದು ತಾಸು ಕೂಡ್ತಿ ಅಂದ್ರ ನೋಡಾಕ ನಾನೂ ಬರ್ತೀನಿ," ಎಂದರು. ಬಂದರು. ನೋಡಿದರು. ಮರುದಿನದಿಂದ ಮನೆಯಲ್ಲೂ ಅದನ್ನು ರೂಢಿಸಿಕೊಳ್ಳಲು ಸಲಹೆ ಕೊಟ್ಟರು.

ಚಿತ್ರಕಲಾ ಪದವಿಯಲ್ಲಿ ಏನು ಕಲಿಸುತ್ತಾರೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕಾಗಿದೆ. ಆ ಪದವಿಯ ಪರೀಕ್ಷೆ ನಡೆಸುವವರು ತಾವು, ಕೂತು ನೋಡಿದವಳು ನಾನು. ಮೊದಲ ದಿನ ಆ ಮಕ್ಕಳು ಕುಂಚವನ್ನು ತೋಳುದ್ದ ಹಿಡಿದು, ಒಂದು ಕಣ್ಣು ಮುಚ್ಚಿ ನನ್ನನ್ನು ನೋಡಿದಾಗ ನನಗೆ ಅವಮಾನವೇ ಆಯಿತು. ಅದು ಅಳತೆ ತೆಗೆಯುವ ರೀತಿಯೆಂದು ಆಮೇಲೆ ತಿಳಿಯಿತು. ಹಣೆಗಿಂತ ಮೂಗು ಎಷ್ಟು ಉದ್ದ, ಕಿವಿ ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಕುಂಚದ ಕಡ್ಡಿಯ ಮೇಲೆ ಹೆಬ್ಬೆರಳು ಸರಿಸುತ್ತಾ ಲೆಕ್ಕ ಹಾಕುತ್ತಾರೆ. ನಡುವೆ ಎದ್ದು ಹೋಗಿ ಬಂದರೆ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಕೂರಬೇಕು. ಅದಕ್ಕಾಗಿ ಕುರ್ಚಿಯ ಕಾಲಿಗೆ, ನನ್ನ ಚಪ್ಪಲಿಗೆ ಸುತ್ತಲೂ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ನನ್ನ ಸೀಟಿನಲ್ಲಿ ಇದ್ದೇನೋ ಇಲ್ಲವೋ ಎಂದು ಯಾರೂ ಅಷ್ಟು ಕಾಳಜಿಯಿಂದ ನೋಡಿರಲಿಲ್ಲ.

ಅವರ ಮೇಷ್ಟ್ರು ಅತುಲ ಸರ್ ಎಂಬುವವರು. ಅತಿಥಿ ಉಪನ್ಯಾಸಕರು, ಅಂದರೆ ವರ್ಷಗಟ್ಟಲೆ ಅಲ್ಲೇ ಇದ್ದರೂ ಮನೆಯವರಾಗದವರು. ಅವರು ವಾರಕ್ಕೆ ಹತ್ತು ಸಲ ಹೇಳುವ ಮಾತು ಒಂದೇ: "ಗೊತ್ತಿದ್ದದ್ದು ಬರೀಬ್ಯಾಡ್ರಿ. ಕಂಡದ್ದು ಬರೀರಿ." ಮುಖಕ್ಕೆ ಎರಡು ಕಣ್ಣಿವೆ ಎಂದು ಎಲ್ಲರಿಗೂ ಗೊತ್ತು, ಆದರೆ ನೀನು ಕೂತ ಜಾಗದಿಂದ ಒಂದೂವರೆ ಕಂಡರೆ ಒಂದೂವರೆ ಬರೆ, ಎನ್ನುತ್ತಿದ್ದರು. ಕೂದಲು ಕಪ್ಪು ಎಂದು ಕಪ್ಪು ಬಳಿದವರ ಕೈಯಿಂದ ಕುಂಚ ಕಸಿದುಕೊಂಡು ಕಿಟಕಿಯ ಬೆಳಕು ತೋರಿಸುತ್ತಿದ್ದರು. ಸೃಷ್ಟಿ ಒಂದು ಮಧ್ಯಾಹ್ನ ಬಹಳ ಹೊತ್ತು ನನ್ನ ಗಲ್ಲವನ್ನೇ ನೋಡಿ, ತಂದೆ ಡಬ್ಬಿಗೆ ಕಟ್ಟಿಕೊಟ್ಟಿದ್ದ ಬಾಳೆಹಣ್ಣನ್ನು ತೆಗೆದು ನನ್ನ ಕಿವಿಯ ಪಕ್ಕ ಹಿಡಿದು, "ಕಾಕು, ನಿಮ್ಮ ಗಲ್ಲದ ನೆಳ್ಳಿನಾಗ ನಮ್ಮ ಹಣ್ಣಿನ ಸಿಪ್ಪಿ ಬಣ್ಣ ಅದ್ರೀ," ಎಂದಳು. ಆ ಕೆಂಪು-ಕಂದು ಬಣ್ಣ ಕಲಸಿಕೊಳ್ಳಲು ಅವಳಿಗೆ ಇಡೀ ವಾರ ಹಿಡಿಯಿತು. ಬಣ್ಣ ಕೂಡಿಬಂದ ದಿನ ಹಣ್ಣನ್ನು ನಾವಿಬ್ಬರೂ ಹಂಚಿಕೊಂಡು ತಿಂದೆವು. ಇಂಥವಳು ನಕಲು ಮಾಡಿದಳು ಎಂದು ತಾವು ಸಹಿ ಹಾಕಿದ್ದೀರಿ.

ಇನ್ನು ಪರೀಕ್ಷೆಯ ವಿಷಯ. ಹಳೆಯ ಪದ್ಧತಿಯಲ್ಲಿ ಪರೀಕ್ಷಕರು ಕಾಲೇಜಿಗೇ ಬಂದು, ಸ್ಟ್ಯಾಂಡಿನ ಮೇಲಿದ್ದ ಚಿತ್ರಗಳ ಮುಂದೆ ಹಿಂದೆ ಅಡ್ಡಾಡಿ, ಚಹಾ ಕುಡಿದು, ಅಂಕ ಕೊಟ್ಟು ಹೋಗುತ್ತಿದ್ದರು. ಆ ಪದ್ಧತಿಯಲ್ಲಿ ಒಂದು ದೊಡ್ಡ ಲೋಪವಿತ್ತು: ಚಿತ್ರಗಳು ನೆಟ್ಟಗಿರುತ್ತಿದ್ದವು. ಈ ವರ್ಷ ತಾವು ಸುಧಾರಣೆ ತಂದಿರಿ. ಇತಿಹಾಸವಾಗಲಿ, ಗಣಿತವಾಗಲಿ, ತೈಲವರ್ಣದ ಭಾವಚಿತ್ರವಾಗಲಿ, ಎಲ್ಲ ಉತ್ತರಗಳನ್ನೂ ಪರೀಕ್ಷೆ ಮುಗಿದ ಅರ್ಧ ತಾಸಿನೊಳಗೆ, ನೋಂದಣಿ ಸಂಖ್ಯೆ ಕಾಣದಂತೆ ಒಳಮುಖವಾಗಿ ಜೋಡಿಸಿ, ಬಿಗಿದು ಕಟ್ಟಿ, ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಹಾಕಿ ಕಳಿಸತಕ್ಕದ್ದು ಎಂದು ಸುತ್ತೋಲೆ ಬಂತು. ಎಲ್ಲ ವಿದ್ಯೆಗಳೂ ಸಮಾನ ಎಂಬ ತಮ್ಮ ಭಾವನೆ ದೊಡ್ಡದು. ಆದರೆ ಗಣಿತದ ಉತ್ತರ ಬರೆದ ಕೂಡಲೇ ಒಣಗುತ್ತದೆ.

ಮೂರು ದಿನದ ಪರೀಕ್ಷೆ ಅದು. ಪರೀಕ್ಷೆಯೆಂದು ನಾನು ಅತ್ತೆಯವರ ಕಾಲದ ಚಿಕ್ಕ ಮುತ್ತಿನ ನತ್ತು ಇಟ್ಟುಕೊಂಡು ಹೋಗಿದ್ದೆ. ನಮ್ಮಲ್ಲಿ ಎಡಮೂಗಿಗೆ ಇಡುವ ಪದ್ಧತಿ. ಸೃಷ್ಟಿ ನನ್ನ ಎಡಕ್ಕೆ, ಕಿಟಕಿಯ ಹತ್ತಿರ ನಿಂತಿದ್ದಳು. ಅವಳಿಗೆ ನತ್ತು ಚೆನ್ನಾಗಿ ಕಾಣುತ್ತಿತ್ತು. ಆಮಿರ್ ನನ್ನ ಬಲಕ್ಕೆ, ಆ ಕೊನೆಯ ಗೋಡೆಯ ಹತ್ತಿರ. ಅವನಿಗೆ ಕಾಣುತ್ತಿದ್ದದ್ದು ಬಲಗಲ್ಲ ಮತ್ತು ಬಲಮೂಗು ಮಾತ್ರ. ನತ್ತು ಮೂಗಿನ ಆಚೆ ಬದಿಗೆ ಉಳಿಯುತ್ತಿತ್ತು. ಇಬ್ಬರ ಕೈಯೂ ಬೇರೆ. ಸೃಷ್ಟಿ ಚಪ್ಪಟೆ ಕರಣೆಯಂಥ ಚಾಕುವಿನಿಂದ ಬಣ್ಣವನ್ನು ದಪ್ಪಗೆ ಮೆತ್ತುವವಳು. ನತ್ತಿನ ಮುತ್ತುಗಳನ್ನಂತೂ ಬಿಳಿ ಬಣ್ಣದ ಉಂಡೆಯಾಗಿಯೇ ಇಟ್ಟಿದ್ದಳು, ಬೆರಳಿಗೆ ತಾಗುವಷ್ಟು. ಆಮಿರ್ ನೀರಿನಂತೆ ತೆಳ್ಳಗೆ ಪದರ ಪದರ ಹಚ್ಚುವವನು. ಮೂರನೆಯ ದಿನ ಸಂಜೆ ಎದ್ದು ಹೋಗಿ ಎರಡನ್ನೂ ನೋಡಿದೆ. ಆಮಿರನ ಚಿತ್ರದಲ್ಲಿ ನತ್ತು ಇರಲಿಲ್ಲ.

"ಯಾಕಪ್ಪಾ, ನಮ್ಮತ್ತಿ ನತ್ತು ನಿನಗ ಬ್ಯಾಡಾತೇನು?" ಎಂದು ಕೇಳಿದೆ.

"ಇಲ್ರೀ ಕಾಕು, ಅದ ಅಂತ ಗೊತ್ತದ. ನಾ ನಿಂತಲ್ಲಿಂದ ಕಾಣವಲ್ತು. ಕಾಣದ್ದು ಹ್ಯಾಂಗ ಬರೀಲ್ರಿ?" ಎಂದ.

ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಅಷ್ಟರಲ್ಲಿ ತಮ್ಮ ಕಚೇರಿಯಿಂದ ಬಂದಿದ್ದ ವೀಕ್ಷಕರು ಹಗ್ಗ, ಬಟ್ಟೆ, ಅರಗು, ಮೋಂಬತ್ತಿಗಳೊಂದಿಗೆ ಸಿದ್ಧರಾಗಿದ್ದರು. ಅತುಲ ಸರ್ ಅವರ ಮುಂದೆ ಕೈ ಮುಗಿದರು.

"ಸರ್, ಇದು ಎಣ್ಣಿ ಬಣ್ಣರೀ. ಇನ್ನೂ ಹಸಿ ಅದ. ಒಣಗಾಕ ವಾರ ಬೇಕ್ರಿ."

"ವಾರ? ಅರ್ಧ ತಾಸಿನಾಗ ಸೀಲ್ ಆಗಬೇಕಂತ ಸುತ್ತೋಲಿ ಅದ."

"ಹಾಂಗಾದ್ರ ನಡುವ ಕಟಗಿ ಪಟ್ಟಿ ಇಟ್ಟು ಕಟ್ಟೂಣ್ರಿ. ಒಂದಕ್ಕೊಂದು ಹತ್ತಂಗಿಲ್ಲ."

"ಸುತ್ತೋಲ್ಯಾಗ ಕಟಗಿ ಇಲ್ರಿ. ನಂಬರ್ ಕಾಣಬಾರದು ಅಂತಷ್ಟ ಅದ. ಮಾರಿಗೆ ಮಾರಿ ಹಚ್ಚಿ ಕಟ್ರಿ."

ನನಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಹತ್ತಿಕೊಂಡು ಬಿಡ್ತದ್ರೀ," ಎಂದೆ.

"ನೀವ್ಯಾರು?"

"ಮಾಡೆಲ್."

"ಪರೀಕ್ಷಾ ಕೋಣ್ಯಾಗ ಹೊರಗಿನವರು ಮಾತಾಡಂಗಿಲ್ಲ."

ಮೂರು ದಿನದಿಂದ ಆ ಕೋಣೆಯಲ್ಲಿದ್ದ ಎಲ್ಲರೂ ನನ್ನೊಬ್ಬಳನ್ನೇ ನೋಡುತ್ತಿದ್ದರು. ನಾನು ಹೊರಗಿನವಳು ಎಂಬುದು ಆಗ ಗೊತ್ತಾಯಿತು. ಕಣ್ಣೆದುರೇ ಚಿತ್ರಗಳನ್ನು ಎರಡೆರಡಾಗಿ ಕೂಡಿಸಿದರು. ಸೃಷ್ಟಿಯ ಚಿತ್ರದ ಹಲಗೆ ಕೆಳಗೆ, ಅದರ ಮೇಲೆ ಬೋರಲಾಗಿ ಆಮಿರನದು. ನನ್ನ ಮುಖ ನನ್ನ ಮುಖಕ್ಕೆ ತಾಗಿತು. ಮೇಲಿನಿಂದ ವೀಕ್ಷಕರು ಮೊಣಕಾಲು ಊರಿ ಹಗ್ಗ ಬಿಗಿದರು. ಹಸಿ ಬಣ್ಣ ಪಿಚಕ್ಕೆಂದ ಆ ಸದ್ದು ನನಗೆ ಇನ್ನೂ ಕೇಳಿಸುತ್ತದೆ. ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ನಿಂತಿದ್ದ ಮಕ್ಕಳ ಪೈಕಿ ಒಬ್ಬರೂ ಬಾಯಿ ಬಿಡಲಿಲ್ಲ. ಪರೀಕ್ಷೆ ಎಂದರೆ ಸುಮ್ಮನಿರಬೇಕು ಎಂದು ನಾವು ಅವರಿಗೆ ಚಿಕ್ಕಂದಿನಿಂದ ಕಲಿಸಿದ್ದೇವಲ್ಲ.

ಆ ಗಂಟು ಕಲಬುರಗಿಯ ಬೇಸಿಗೆಯಲ್ಲಿ, ಫ್ಯಾನಿಲ್ಲದ ಭದ್ರತಾ ಕೊಠಡಿಯಲ್ಲಿ, ಇತರ ವಿಷಯಗಳ ಗಂಟುಗಳ ಕೆಳಗೆ, ಮೌಲ್ಯಮಾಪನ ಶುರುವಾಗುವವರೆಗೆ ಇತ್ತು. ಬಿಚ್ಚಿದಾಗ ಹಲಗೆಗಳು ಒಂದನ್ನೊಂದು ಬಿಡಲು ಒಪ್ಪಲಿಲ್ಲವಂತೆ. ಸ್ಟೀಲಿನ ಪಟ್ಟಿ ತೂರಿಸಿ ಬಿಡಿಸಿದರಂತೆ. ಬೇರೆ ಜೋಡಿಗಳಿಗೂ ಒಂದೊಂದು ಗತಿಯಾಗಿದೆ. ಒಬ್ಬ ಹುಡುಗಿಯ ಚಿತ್ರದಲ್ಲಿ ನನ್ನ ಬಾಯಿಯೇ ಕಿತ್ತುಹೋಗಿತ್ತು. ಅದಕ್ಕೆ ಮೌಲ್ಯಮಾಪಕರು "ಮೌನದ ಅಭಿವ್ಯಕ್ತಿ ಚೆನ್ನಾಗಿದೆ" ಎಂದು ಅಂಕ ಕೊಟ್ಟಿದ್ದಾರೆ. ನಮ್ಮ ಯಜಮಾನರು ಆ ಚಿತ್ರವನ್ನು ಕೊಳ್ಳುವ ಇಚ್ಛೆ ವ್ಯಕ್ತಪಡಿಸಿದ್ದಾರೆ.

ಸೃಷ್ಟಿ ಮತ್ತು ಆಮಿರ್‌ಗೆ ಬಂದದ್ದು ಅಂಕವಲ್ಲ, ನೋಟಿಸು. ಎರಡೂ ಉತ್ತರಗಳಲ್ಲಿ ಒಂದೇ ವ್ಯಕ್ತಿಯ ಮುಖ ಕಂಡುಬಂದಿದೆ. ಎರಡರಲ್ಲೂ ಮೂಗಿನ ಮೇಲೆ ಒಂದೇ ಆಕಾರದ, ಒಂದೇ ಬಿಳಿ ಬಣ್ಣದ ಆಭರಣದ ಗುರುತುಗಳಿವೆ. ಅಭ್ಯರ್ಥಿಗಳು ಕೋಣೆಯ ಎರಡು ತುದಿಗಳಲ್ಲಿದ್ದರೂ ಇಷ್ಟೊಂದು ಸಾಮ್ಯ ಸಾಧಿಸಿರುವುದು ಪೂರ್ವಯೋಜಿತ ಸಂಚನ್ನು ಸೂಚಿಸುತ್ತದೆ. ಹೀಗೆಂದು ಅದರಲ್ಲಿತ್ತು. ಪಕ್ಕಪಕ್ಕ ನಿಂತಿದ್ದರೆ ಸಾಧಾರಣ ನಕಲು ಆಗುತ್ತಿತ್ತು. ದೂರ ನಿಂತಿದ್ದರಿಂದ ಅಪರಾಧ ಹೆಚ್ಚಾಯಿತು. ಈ ತರ್ಕದ ಮುಂದೆ ನಾನು ತಲೆಬಾಗುತ್ತೇನೆ.

ವಿಚಾರಣೆಯ ದಿನ ನಾನೂ ಬಂದಿದ್ದೆ. ಸಮಿತಿಯ ಕೋಣೆಗೆ ಅಭ್ಯರ್ಥಿಗಳಿಗೆ ಮಾತ್ರ ಪ್ರವೇಶ ಎಂದು ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಕೂತೆ. ಸಮಿತಿಯಲ್ಲಿ ವಾಣಿಜ್ಯ, ರಸಾಯನಶಾಸ್ತ್ರ, ದೈಹಿಕ ಶಿಕ್ಷಣದ ಹಿರಿಯರಿದ್ದರು. ಕುಂಚ ಹಿಡಿದವರು ಇದ್ದರೆ ಪಕ್ಷಪಾತ ಆದೀತು ಎಂದು ಬಿಟ್ಟಿರಬೇಕು. ಒಳಗೆ ನಡೆದದ್ದನ್ನು ಹೊರಗೆ ಬಂದು ಹೇಳಿದವಳು ಸೃಷ್ಟಿ.

"ಇಬ್ಬರ ಚಿತ್ರದಾಗೂ ಒಂದ ಮಾರಿ ಹ್ಯಾಂಗ ಬಂತು ಅಂತ ಕೇಳಿದ್ರು ಕಾಕು. ಒಬ್ರನ್ನ ನೋಡಿ ಬರದೀವಲ್ರಿ ಅಂದೆ. ಅಂದ್ರ ನೋಡಿ ಬರದದ್ದು ಒಪ್ಕೋತೀಯಲ್ಲ ಅಂದ್ರು. ಹೌದ್ರಿ ಅಂದೆ. ಬರಕೊಂಡ್ರು."

ಹೀಗೆ ತಪ್ಪೊಪ್ಪಿಗೆ ದಾಖಲಾಯಿತು. ಇಬ್ಬರ ಈ ಪತ್ರಿಕೆ ರದ್ದು, ಫಲಿತಾಂಶಕ್ಕೆ ತಡೆ, ಮುಂದಿನ ವರ್ಷ ಮತ್ತೆ ಪರೀಕ್ಷೆ.

ಈಗ ನತ್ತಿನ ವಿಷಯಕ್ಕೆ ಬರೋಣ. ಇದನ್ನು ಅರ್ಥ ಮಾಡಿಕೊಳ್ಳಲು ರಸಾಯನಶಾಸ್ತ್ರ ಬೇಕಿಲ್ಲ. ತಾವು ದೇವರ ಮುಂದೆ ಕೈ ಜೋಡಿಸುತ್ತೀರಲ್ಲವೇ? ಎಡ ಅಂಗೈಗೆ ಕುಂಕುಮ ಹಚ್ಚಿಕೊಂಡು ಒಮ್ಮೆ ಜೋಡಿಸಿ, ಬಿಡಿಸಿ ನೋಡಿ. ಬಲ ಅಂಗೈಗೂ ಅದೇ ಜಾಗದಲ್ಲಿ ಕುಂಕುಮ ಹತ್ತಿರುತ್ತದೆ. ಬಲಗೈ ಎಡಗೈಯನ್ನು ನಕಲು ಮಾಡಿತು ಎಂದು ತಾವು ಅದಕ್ಕೆ ನೋಟಿಸು ಕೊಡುವುದಿಲ್ಲ. ಸೃಷ್ಟಿ ನನ್ನ ಎಡಮೂಗಿನ ಮೇಲೆ ಮೆತ್ತಿದ ಹಸಿ ಬಿಳಿ ಬಣ್ಣದ ಅರ್ಧ ಭಾಗ ಕಿತ್ತುಹೋಗಿ, ಬೋರಲಾಗಿ ಬಿದ್ದಿದ್ದ ಆಮಿರನ ಚಿತ್ರದಲ್ಲಿ ಬಲಮೂಗಿಗೆ ಹತ್ತಿಕೊಂಡಿತು. ಬಲಮೂಗಿಗೆ. ನನ್ನ ಬಲಮೂಗಿನಲ್ಲಿ ತೂತೇ ಇಲ್ಲ. ಹುಟ್ಟಿದಾಗಿನಿಂದ ಇಲ್ಲ. ಆಮಿರ್ ನನ್ನನ್ನು ನೋಡಿ ಬರೆದಿದ್ದರೆ ಅಲ್ಲಿ ನತ್ತು ಬರುವಂತಿಲ್ಲ. ಸೃಷ್ಟಿಯದನ್ನು ನೋಡಿ ಕದ್ದಿದ್ದರೆ ಎಡಮೂಗಿಗೆ ಬರಬೇಕಿತ್ತು, ಅವನ ಚಿತ್ರದಲ್ಲಿ ಎಡಮೂಗೇ ಇಲ್ಲ. ಬಲಮೂಗಿಗೆ ನತ್ತು ಇಟ್ಟವರು ಈ ಲೋಕದಲ್ಲಿ ಒಬ್ಬರೇ. ತಮ್ಮ ವೀಕ್ಷಕರ ಮೊಣಕಾಲು.

ಕಾಣದ್ದನ್ನು ಹ್ಯಾಂಗ ಬರೀಲ್ರಿ ಎಂದ ಹುಡುಗನ ಮೇಲೆ, ಕಾಣದ್ದನ್ನು ಬರೆದ ಆರೋಪ. ಗೊತ್ತಿದ್ದದ್ದು ಬರೆಯಬೇಡಿ, ಕಂಡದ್ದು ಬರೆಯಿರಿ ಎಂಬ ಪಾಠವನ್ನು ಆ ಮಕ್ಕಳು ನಾಲ್ಕು ವರ್ಷದಲ್ಲಿ ಕಲಿತರು. ಒಂದೇ ಥರದ ಎರಡು ಉತ್ತರ ಕಂಡರೆ ಅದು ನಕಲು ಎಂಬುದು ತಮಗೆ ಮೊದಲೇ ಗೊತ್ತಿತ್ತು. ಹಲಗೆ ನೋಡದೆ ಅದನ್ನೇ ಬರೆದಿರಿ. ಆ ಕಾಲೇಜಿನ ಮೊದಲ ವರ್ಷದಲ್ಲಿ ತಮ್ಮ ಸಮಿತಿಗೆ ಸೀಟು ಸಿಗುವುದೂ ಕಷ್ಟ.

ಇಷ್ಟು ಹೊತ್ತು ನಗುತ್ತಾ ಬರೆದೆ ಎಂದು ತಮಗೆ ಅನಿಸಿರಬಹುದು. ನಗು ಇಲ್ಲಿಗೆ ಸಾಕು.

ಸೃಷ್ಟಿಗೆ ಸ್ನಾತಕೋತ್ತರ ಚಿತ್ರಕಲೆಗೆ ಸೀಟು ಸಿಕ್ಕಿದೆ. ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಮೇಲಿನ ಸಾಲಿನಲ್ಲೇ ಇದೆ. ಈ ತಿಂಗಳ ಕೊನೆಯೊಳಗೆ ಅಂಕಪಟ್ಟಿ ಕೊಡದಿದ್ದರೆ ಅದು ಮುಂದಿನವರ ಪಾಲು. ಸೀಟು ಹೋದರೆ ಮತ್ತೊಂದು ವರ್ಷ ಬಂದೀತು. ಆದರೆ ವಿಚಾರಣೆಯಿಂದ ಮರಳಿದ ದಿನ ಅವಳು ಬಣ್ಣದ ಟ್ಯೂಬುಗಳನ್ನೆಲ್ಲ ಬಾಳೆಹಣ್ಣಿನ ಖಾಲಿ ಡಬ್ಬಕ್ಕೆ ತುಂಬಿ ಅಟ್ಟದ ಮೇಲೆ ಎಸೆದಳು. ಅಂದಿನಿಂದ ಹೆದ್ದಾರಿ ಬದಿಗೆ ತಂದೆಯ ಗೊನೆಗಳ ಕೆಳಗೆ ಕೂತು ಹಣ್ಣು ಮಾರುತ್ತಿದ್ದಾಳೆ. ಹಣ್ಣು ಮಾರುವುದು ಕೀಳಲ್ಲ. ಆ ಹಣ್ಣಿನಿಂದಲೇ ಅವಳು ಓದಿದ್ದು. ಆದರೆ ಊರಿನವರು ಗಾಡಿ ನಿಲ್ಲಿಸಿ, "ಏನವ್ವಾ, ಚಿತ್ರದಾಗೂ ಕಾಪಿ ಹೊಡೀಬಹುದೇನು?" ಎಂದು ಕೇಳುತ್ತಾರೆ. ಅವಳು ತಲೆ ತಗ್ಗಿಸಿ ಹಣ್ಣು ತೂಗುತ್ತಾಳೆ. ಮೊನ್ನೆ ಗಂಟಲು ಒಣಗುವ ಬಿಸಿಲಿನಲ್ಲಿ ನಾನು ಅವಳ ಪಕ್ಕ ಹೋಗಿ ಕೂತೆ. ಹಿಂದೆಲ್ಲ ನನ್ನ ಮುಖ ಕಂಡರೆ ಅವಳ ಕಣ್ಣು ಅಳತೆಗೆ ತೊಡಗುತ್ತಿತ್ತು, ಒಂದು ಕಣ್ಣು ತಾನಾಗಿ ಮುಚ್ಚುತ್ತಿತ್ತು. ಆ ದಿನ ಅವಳು ನನ್ನನ್ನು ಸುಮ್ಮನೆ, ಎಲ್ಲರೂ ನೋಡುವ ಹಾಗೆ, ಎರಡೂ ಕಣ್ಣಿನಿಂದ ನೋಡಿದಳು. 

ಆಮಿರನ ತಾಯಿ ನೂರಜಹಾನ್ ಶಹಾಬಜಾರದಿಂದ ಬಸ್ಸು ಹಿಡಿದು ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. "ಬಾಯಿ, ನಮ್ಮ ಹುಡುಗ ಯಾರ್ದೂ ಕಾಪಿ ಹೊಡದಿಲ್ರೀ, ಖುದಾ ಕಸಮ್. ನೀವ ಎದುರಿಗೆ ಇದ್ರಿ. ನೀವ ಹೇಳ್ರಿ," ಎಂದು ಕೈ ಹಿಡಿದುಕೊಂಡರು. ಹೇಳುತ್ತೇನೆ ಎಂದೆ. ಕೇಳುವವರು ಬೇಕಲ್ಲ.

ಶಿವಶರಣ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಂದಿನಂತೆ ಒಂದು ಚಿಪ್ಪು ಹಣ್ಣು ತಂದು ನಮ್ಮ ಕಟ್ಟೆಯ ಮೇಲಿಟ್ಟು, ಹೋಗುವಾಗ ತಿರುಗಿ, "ಬಾಯಾರ, ಖರೇ ಡಿಗ್ರಿ ಅಂದಿದ್ರಲ್ರೀ," ಎಂದ. ಅಷ್ಟೇ. ಮೇಲಧಿಕಾರಿಗಳು ಬೈದಾಗ ಅಳದವಳು, ನಿವೃತ್ತಿಯ ದಿನ ಹಾರ ಹಾಕಿದಾಗಲೂ ಅಳದವಳು, ಆ ಹಣ್ಣಿನ ಮುಂದೆ ಕೂತು ಅತ್ತೆ.

ಇನ್ನು ನನ್ನ ಬೇಡಿಕೆ. ಆ ಎರಡು ಹಲಗೆಗಳನ್ನು ಹೊರಗೆ ತೆಗೆಯಿರಿ. ಚಿತ್ರ ಬಲ್ಲ ಯಾರಾದರೂ ಒಬ್ಬರ ಕೈಗೆ ಕೊಡಿ, ನನ್ನನ್ನು ಎದುರಿಗೆ ನಿಲ್ಲಿಸಿ, ನನ್ನ ಮೂಗಿನ ಎರಡೂ ಹೊಳ್ಳೆಗಳನ್ನು ಟಾರ್ಚು ಹಾಕಿ ಪರೀಕ್ಷಿಸಿ. ಆಮೇಲೆ ನಕಲಿನ ಆದೇಶ ಹಿಂದಕ್ಕೆ ಪಡೆದು, ತಿಂಗಳ ಕೊನೆಯೊಳಗೆ ಇಬ್ಬರ ಅಂಕಪಟ್ಟಿ ಕೊಡಿ. ನೋಟಿಸಿನಲ್ಲಿ ನಕಲು ಎಂದು ಬರೆದಷ್ಟೇ ದೊಡ್ಡ ಅಕ್ಷರದಲ್ಲಿ, ನಕಲಲ್ಲ ಎಂದೂ ಬರೆದು ಕೊಡಿ. ಅದನ್ನು ಶಿವಶರಣ ಗೊನೆಗಳ ಪಕ್ಕ ತೂಗುಹಾಕುತ್ತಾನಂತೆ. ಮುಂದಿನ ವರ್ಷದ ಸುತ್ತೋಲೆಯಲ್ಲಿ ಕಟ್ಟಿಗೆ ಪಟ್ಟಿ ಎಂಬ ಎರಡು ಪದ ಸೇರಿಸಿದರೆ ಸಾಕು, ಪಟ್ಟಿಯನ್ನು ನಾನೇ ತರುತ್ತೇನೆ. ಇದಾವುದೂ ಸಾಧ್ಯವಿಲ್ಲ ಎಂದಾದರೆ ನಿಯಮದಂತೆ ನನ್ನ ಮೇಲೂ ಪ್ರಕರಣ ದಾಖಲಿಸಿ. ಇಡೀ ತರಗತಿ ನೋಡಿ ಬರೆಯಲು ಬೇಕಾದ ಮುಖವನ್ನು ಮೂರು ದಿನ ಪರೀಕ್ಷಾ ಕೋಣೆಯೊಳಗೆ ರಾಜಾರೋಷವಾಗಿ ಒಯ್ದವಳು ನಾನು. ಬಾಗಿಲಲ್ಲಿ ತಪಾಸಣೆ ಮಾಡಿದವರು ಅದನ್ನು ಕಸಿದುಕೊಳ್ಳಲಿಲ್ಲ.

ಉತ್ತರಕ್ಕಾಗಿ ಮನೆಯಲ್ಲಿ ಕಾಯುವ ಅಭ್ಯಾಸ ನನಗಿಲ್ಲ. ಬರುವ ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ನಾನು ನಿಮ್ಮ ಕೋಣೆಯ ಎದುರಿನ ವರಾಂಡಕ್ಕೆ ಬಂದು ಕೂರುತ್ತೇನೆ. ಕುರ್ಚಿ ನಾನೇ ತರುತ್ತೇನೆ, ಸೀಮೆಸುಣ್ಣವನ್ನೂ. ಘೋಷಣೆ ಕೂಗುವುದಿಲ್ಲ, ಯಾರ ದಾರಿಗೂ ಅಡ್ಡವಾಗುವುದಿಲ್ಲ, ಅಲುಗಾಡುವುದೂ ಇಲ್ಲ. ನನ್ನ ಬಲಕ್ಕೆ ಆಮಿರ್ ನಿಲ್ಲುತ್ತಾನೆ. ಎಡಕ್ಕೆ ಒಂದು ಸ್ಟ್ಯಾಂಡು, ಬಿಳಿ ಹಲಗೆ ಇಟ್ಟಿರುತ್ತೇನೆ. ತಾವು ಹೋಗುತ್ತಾ ಬರುತ್ತಾ ನೋಡಬಹುದು. ಚಿತ್ರ ಮುಗಿದ ಮೇಲೆ ಅದು ಒಣಗುವವರೆಗೂ ನಾವು ಅಲ್ಲಿಂದ ಏಳುವುದಿಲ್ಲ. ಎಣ್ಣೆಬಣ್ಣ ಒಣಗಲು ಎಷ್ಟು ದಿನ ಬೇಕು ಎಂದು ಅತುಲ ಸರ್ ತಮ್ಮವರಿಗೆ ಆಗಲೇ ಹೇಳಿದ್ದಾರೆ.

ಎಡಗಡೆಯ ಜಾಗಕ್ಕೆ ಸೃಷ್ಟಿ ಬರುತ್ತಾಳೋ ಇಲ್ಲವೋ ಎಂಬುದು ನನಗೆ ಸ್ವಲ್ಪ ಹೊತ್ತಿನ ಹಿಂದಿನವರೆಗೆ ಗೊತ್ತಿರಲಿಲ್ಲ. ಈ ವಿಷಯ ಹೇಳಿದಾಗ ಅವಳು ಹಣ್ಣು ತೂಗುತ್ತಲೇ ಇದ್ದಳು. ನಾನೂ ಒತ್ತಾಯ ಮಾಡಲಿಲ್ಲ. ಈ ಪತ್ರದ ಕೊನೆಯ ಹಾಳೆ ಬರೆಯುತ್ತಿದ್ದಾಗ ಗೋಡೆಯ ಆಚೆ ಅಟ್ಟದಿಂದ ಏನೋ ಕೆಳಗಿಳಿಸಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅವಳ ದನಿ ಕೇಳಿಸಿತು.

"ಕಾಕು, ಸೋಮವಾರ ಯಾವ ಸೀರಿ ಉಟಗೋತೀರಿ? ಹಸರ ಬ್ಯಾಡ್ರಿ. ನನ್ನ ಹತ್ರ ಹಸರ ಬಣ್ಣ ಕಮ್ಮಿ ಅದ."

ಹಸಿರು ಉಡುವುದಿಲ್ಲ.

ಇಂತಿ,
ತಮ್ಮ ಭದ್ರತಾ ಕೊಠಡಿಯಲ್ಲಿ ಮುಖವನ್ನೂ ಕಮಲಾಪುರದಲ್ಲಿ ಮಾತನ್ನೂ ಒತ್ತೆಯಿಟ್ಟು ಕೂತಿರುವ,
ಎಡಮೂಗಿಗೆ ಮಾತ್ರ ತೂತಿರುವ,
ಮುಕ್ತಾಬಾಯಿ
ನಿವೃತ್ತ ಪ್ರಥಮ ದರ್ಜೆ ಸಹಾಯಕಿ, ಹಾಲಿ ಮಾಡೆಲ್
ಕಮಲಾಪುರ